ಚಪ್ಪಲಿ ಮೆಟ್ಟುವಾಗ ಆಡಿದ ಮಾತು

"ಮೇಷ್ಟ್ರೇ, ಮೊದಲು ಪ್ರಶ್ನೆ ಓದಬೇಕೋ, ಗದ್ಯ ಓದಬೇಕೋ?"

ಹೀಗೆ ಕೇಳಿದವಳು ದಾಕ್ಷಾಯಿಣಿ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಇನ್ನು ಒಂಬತ್ತು ದಿನ ಉಳಿದಿತ್ತು. ಹೋದ ವರ್ಷ ಎರಡೇ ಅಂಕದಲ್ಲಿ ಅವಳಿಗೆ ಸೀಟು ತಪ್ಪಿತ್ತು. ಈ ವರ್ಷವೂ ತಪ್ಪಿದರೆ ಮನೆಯವರು ಗಂಡು ನೋಡಲು ಶುರುಮಾಡುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೇಷ್ಟ್ರು ಕಡೂರಿನ ರೈಲ್ವೆ ಗೇಟಿನ ಹತ್ತಿರ ಒಂದು ಕೋಣೆಯಲ್ಲಿ ಪಾಠ ಮಾಡುತ್ತಿದ್ದರು. ಕಾನೂನಿನ ಪಾಠವಲ್ಲ. ಪರೀಕ್ಷೆಯಲ್ಲಿ ಒಂದು ಗದ್ಯ ಕೊಟ್ಟು, ಅದರ ಕೆಳಗೆ ಪ್ರಶ್ನೆ ಕೊಟ್ಟು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಎನ್ನುತ್ತಾರಲ್ಲ, ಆ ಭಾಗವನ್ನು ಮಾತ್ರ ಕಲಿಸುತ್ತಿದ್ದರು. ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರು. ಅದಕ್ಕೂ ಮುಂಚೆ ಏನು ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ "ಓದುತ್ತಿದ್ದೆ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದರು. ಮುಂಗೋಪಿ ಮನುಷ್ಯ. ಪೆನ್ನಿನ ಮುಚ್ಚಳ ಕಚ್ಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಆ ದಿನ ದಾಕ್ಷಾಯಿಣಿ ಮಾಕ್ ಟೆಸ್ಟಿನ ಕಾಗದ ತಂದಿದ್ದಳು. ಗದ್ಯ ಒಂದು ಕೆರೆಯ ಬಗ್ಗೆ. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಎಂದು ತೀರ್ಮಾನ ಮಾಡುವ ನೀರುಗಂಟಿ ಎಂಬವನ ಬಗ್ಗೆ. ಈ ಪದ್ಧತಿ ಹಳೆಯದಾಯಿತು, ಇದನ್ನು ತೆಗೆದುಹಾಕಬೇಕು ಎಂದು ಮೊದಲ ಮೂರು ಪ್ಯಾರಾದಲ್ಲಿ ಇತ್ತು. ನಾಲ್ಕನೆಯ ಪ್ಯಾರಾದಲ್ಲಿ ಲೇಖಕ, ಅಧಿಕಾರಿಗಳ ಈ ಮಾತನ್ನು ನಾನೂ ನಂಬಿದ್ದೆ, ಆ ಊರಿನಲ್ಲಿ ಒಂದು ಬೇಸಗೆ ಕಳೆದ ಮೇಲೆ ನಂಬುವುದನ್ನು ಬಿಟ್ಟೆ ಎಂದು ಬರೆದಿದ್ದ. ಲೇಖಕನ ನಿಲುವು ಯಾವುದು ಎಂಬುದು ಪ್ರಶ್ನೆ. ಪದ್ಧತಿಯನ್ನು ತೆಗೆದುಹಾಕಬೇಕೆಂಬುದು ಎಂದು ದಾಕ್ಷಾಯಿಣಿ ಗುರುತು ಹಾಕಿದ್ದಳು. ಎರಡನೆಯ ಪ್ಯಾರಾದಲ್ಲಿ ಆ ಸಾಲಿನ ಕೆಳಗೆ ಗೆರೆಯನ್ನೂ ಎಳೆದಿದ್ದಳು. ನಾಲ್ಕನೆಯ ಪ್ಯಾರಾದ ಮೇಲೆ ಪೆನ್ಸಿಲು ಆಡಿದ ಗುರುತೇ ಇರಲಿಲ್ಲ.

"ಇದನ್ನು ಓದಿದೆಯಾ?" ಎಂದು ಮೇಷ್ಟ್ರು ಆ ಪ್ಯಾರಾದ ಮೇಲೆ ಬೆರಳಿಟ್ಟರು.

"ಉತ್ತರ ಮೇಲೇ ಸಿಕ್ಕಿತಲ್ಲ ಮೇಷ್ಟ್ರೇ. ಪ್ರಶ್ನೆ ಮೊದಲು ಓದಿಕೊಂಡು ಗದ್ಯಕ್ಕೆ ಇಳಿದರೆ ಅರ್ಧ ಟೈಮ್ ಉಳಿಯುತ್ತೆ ಅಂತ ಮೊಬೈಲಿನಲ್ಲಿ ಒಬ್ಬರು ಹೇಳ್ತಾರೆ. ನಿಜವಾಗಲೂ ಉಳಿಯುತ್ತೆ."

"ಉಳಿಯುತ್ತೆ. ಇಲ್ಲ ಅಂದವರು ಯಾರು? ಅಂಕವೂ ಬರುತ್ತೆ. ಹತ್ತರಲ್ಲಿ ಎಂಟು ಸಲ ಬರುತ್ತೆ. ಬರಲ್ಲ ಅಂತ ನಾನು ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತೆ."

"ಹಾಗಾದರೆ ಯಾವುದು ಮೊದಲು ಓದಲಿ?"

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಗಡಿಯಾರ ನೋಡುವುದನ್ನು ಬಿಟ್ಟು ಕೂತುಕೋ. ಒಂದು ಕತೆ ಹೇಳುತ್ತೇನೆ. ಕೇಳಿ ಆದ ಮೇಲೆ ನಿನಗೆ ಯಾವುದು ಸರಿ ಅನಿಸುತ್ತದೋ ಅದನ್ನು ಮಾಡು" ಎಂದರು.

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಅಧಿಕಾರಿ ಇದ್ದ. ಜನರ ಅರ್ಜಿಗಳನ್ನು ತೆಗೆದುಕೊಂಡು ವಿಲೇವಾರಿ ಮಾಡುವುದು ಅವನ ಕೆಲಸ. ನನ್ನ ಹಸು ಹೊಡೆದುಕೊಂಡು ಹೋದರು, ನನ್ನ ಬಾವಿಯ ಹಗ್ಗ ಕತ್ತರಿಸಿದರು, ನನ್ನ ಮನೆ ಮುಂದಿನ ಕಲ್ಲು ಕಿತ್ತುಕೊಂಡು ಹೋದರು, ಇಂಥವು. ದಿನಕ್ಕೆ ಅರವತ್ತು ಎಪ್ಪತ್ತು ಬರುತ್ತಿದ್ದವು. ಅಧಿಕಾರಿ ಕೆಟ್ಟವನಲ್ಲ. ಎಲ್ಲವನ್ನೂ ಓದಲು ಅವನಿಗೆ ಪುರುಸೊತ್ತು ಇರಲಿಲ್ಲ, ಅಷ್ಟೆ. ಅದಕ್ಕೆ ಒಂದು ಉಪಾಯ ಮಾಡಿದ. ಒಂದು ಚೀಟಿ ಅಚ್ಚು ಹಾಕಿಸಿದ. ಅದರಲ್ಲಿ ಐದು ಪ್ರಶ್ನೆ. ಅರ್ಜಿ ಕೊಟ್ಟವನು ಯಾರು? ಯಾರ ಮೇಲೆ ಕೊಟ್ಟಿದ್ದಾನೆ? ಏನು ಹೋಗಿದೆ? ಯಾವಾಗ ಹೋಯಿತು? ಈಗ ಅದು ಎಲ್ಲಿದೆ? ಅವನಿಗೆ ಏನು ಬೇಕು ಎಂಬ ಪ್ರಶ್ನೆ ಚೀಟಿಯಲ್ಲಿ ಇರಲಿಲ್ಲ. ವಸ್ತು ಕಳೆದುಕೊಂಡವನಿಗೆ ವಸ್ತು ಬೇಕು, ಅದನ್ನೇನು ಕೇಳುವುದು ಎಂದು ಅವನು ಅಂದುಕೊಂಡಿದ್ದ. ನಾವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆವು.

ಅರ್ಜಿಗಳನ್ನು ಓದಿ ಚೀಟಿ ತುಂಬಲು ಅವನ ಕೈಕೆಳಗೆ ಒಬ್ಬ ಗುಮಾಸ್ತ ಇದ್ದ. ಇಪ್ಪತ್ತನಾಲ್ಕು ವರ್ಷದವನು. ಬಲು ಚುರುಕು. ಉಳಿದ ಗುಮಾಸ್ತರು ಮೊದಲ ಸಾಲಿನಿಂದ ಶುರುಮಾಡಿ, ಕಣ್ಣುಜ್ಜಿಕೊಂಡು, ಮಧ್ಯೆ ಕಾಫಿ ಕುಡಿದು, ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಇವನು ಐದು ಪ್ರಶ್ನೆಗಳನ್ನು ತಲೆಯಲ್ಲಿಟ್ಟುಕೊಂಡು ಅರ್ಜಿಗೆ ಇಳಿಯುತ್ತಿದ್ದ. ಹೆಸರು ಸಿಕ್ಕಿತು, ಬರೆದ. ತಾರೀಖು ಸಿಕ್ಕಿತು, ಬರೆದ. ಐದನೆಯದು ಸಿಕ್ಕಿದ ಕೂಡಲೇ ಅರ್ಜಿ ಮಡಚಿ ಅದರ ಮೇಲೆ ಚೀಟಿಯನ್ನು ಗುಂಡುಸೂಜಿಯಿಂದ ಚುಚ್ಚುತ್ತಿದ್ದ. ಬೇರೆಯವರು ಹತ್ತು ಮುಗಿಸುವಷ್ಟರಲ್ಲಿ ಇವನು ಮೂವತ್ತು ಮುಗಿಸುತ್ತಿದ್ದ. ಅಧಿಕಾರಿ ಎಲ್ಲರ ಎದುರಿಗೆ, "ಓದುವುದು ಅಂದರೆ ಇವನ ಹಾಗೆ ಓದಬೇಕು ಕಣ್ರಯ್ಯ" ಎಂದು ಹೊಗಳುತ್ತಿದ್ದ. ಗುಮಾಸ್ತ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ.

ಹಿಗ್ಗದೆ ಏನು ಮಾಡುತ್ತಾನೆ? ಆ ವಯಸ್ಸಿನಲ್ಲಿ ಹೊಗಳಿಕೆ ಯಾರಿಗೆ ಬೇಡ.

ಈಗ ಒಂದು ಮಾತು ಹೇಳು. ನಮ್ಮ ಕಡೆಯ ಜನ ಮಾತಾಡುವ ರೀತಿಯನ್ನು ನೀನು ಗಮನಿಸಿದ್ದೀಯಾ? ನಿಮ್ಮ ಮನೆಗೆ ನಿಮ್ಮ ಸೋದರತ್ತೆ ಬರುತ್ತಾಳೆ ಅಂದುಕೋ. ಒಳಗೆ ಬಂದು ಕೂತು, ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಅಂತಾಳೆ. ದರ್ಜಿ ರವಿಕೆ ಕೆಡಿಸಿದ ಅಂತಾಳೆ. ಪಕ್ಕದ ಮನೆಯವಳನ್ನು ಒಂದು ಗಂಟೆ ಬೈತಾಳೆ. ಊಟ ಮಾಡ್ತಾಳೆ. ಎಲೆಯಡಿಕೆ ಹಾಕ್ತಾಳೆ. ಕುಂಕುಮ ಇಟ್ಟುಕೊಂಡು ಎದ್ದು ಹೊರಡ್ತಾಳೆ. ಹೊಸ್ತಿಲು ದಾಟಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಕಾಲಿಗೆ ಮೆಟ್ಟುವಾಗ, "ಅಂದಹಾಗೆ ಅತ್ತಿಗೆ, ನಮ್ಮ ಮನೆಯವರಿಗೆ ಮೊನ್ನೆಯಿಂದ ಎದೆ ನೋವು, ಅಣ್ಣನ್ನ ಒಂದು ಸಲ ಆಸ್ಪತ್ರೆಗೆ ಜೊತೆಗೆ ಕಳಿಸ್ತೀಯಾ?" ಅಂತಾಳೆ. ಅದಕ್ಕೇ ಬಂದದ್ದು ಅವಳು. ಆ ಒಂದು ಮಾತಿಗೆ. ಉಳಿದದ್ದೆಲ್ಲ ಆ ಮಾತನ್ನು ಬಾಯಿಗೆ ತಂದುಕೊಳ್ಳಲು ಪಟ್ಟ ಪಾಡು. ನಗಬೇಡ. ನೀನೂ ಹಾಗೇ. ನಾನೂ ಹಾಗೇ.

ಬರೆಸುವಾಗಲೂ ನಮ್ಮ ಜನ ಹಾಗೇ ಬರೆಸುತ್ತಾರೆ. ಗುಮಾಸ್ತ ಇದೇ ಜನರ ನಡುವೆ ಹುಟ್ಟಿ ಬೆಳೆದವನು. ಅವನ ತಾಯಿಯೂ ಹಾಗೇ ಮಾತಾಡುತ್ತಿದ್ದಳು. ಆದರೆ ಕಚೇರಿಯ ಕುರ್ಚಿಯ ಮೇಲೆ ಕೂತಾಗ ಅದು ಅವನಿಗೆ ನೆನಪಾಗಲಿಲ್ಲ.

ಒಂದು ದಿನ ಒಬ್ಬ ಕಮ್ಮಾರನ ಅರ್ಜಿ ಬಂತು. ಆರು ಹಾಳೆ. ಕಮ್ಮಾರನಿಗೆ ಓದು ಬರಹ ಇಲ್ಲ. ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಕೂರುವ ಅರ್ಜಿ ಬರೆಯುವವನ ಕೈಲಿ ಬರೆಸಿದ್ದ. ಆ ಬರೆಯುವವನದು ಒಂದು ನೇಮ. ಹೇಳಿದವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದ. ಒಂದು ಮಾತು ಸೇರಿಸುತ್ತಿರಲಿಲ್ಲ, ಒಂದು ಮಾತು ಬಿಡುತ್ತಿರಲಿಲ್ಲ.

ಗುಮಾಸ್ತ ಓದಿದ. ಅರ್ಜಿ ಕೊಟ್ಟವನು ಯಾರು? ಕಮ್ಮಾರ. ಯಾರ ಮೇಲೆ? ಒಡಹುಟ್ಟಿದ ತಮ್ಮನ ಮೇಲೆ. ಏನು ಹೋಗಿದೆ? ಅಡಿಗಲ್ಲು. ಕಾದ ಕಬ್ಬಿಣವನ್ನು ಇಟ್ಟು ಬಡಿಯುತ್ತಾರಲ್ಲ, ಆ ಅಡಿಗಲ್ಲು. ಅವರ ಅಪ್ಪನ ಕಾಲದ್ದು. ಯಾವಾಗ ಹೋಯಿತು? ಭೀಮನ ಅಮಾವಾಸ್ಯೆಯ ಮಾರನೆಯ ದಿನ ಬೆಳಿಗ್ಗೆ, ಅಣ್ಣ ಮದುವೆಯ ಊಟಕ್ಕೆ ಹೋಗಿದ್ದಾಗ. ಈಗ ಎಲ್ಲಿದೆ? ಮೂರು ಮೈಲಿ ಆಚೆಯ ಊರಿನಲ್ಲಿ ತಮ್ಮ ಹೊಸದಾಗಿ ಹಾಕಿದ ಕುಲುಮೆಯಲ್ಲಿ. ಎರಡನೆಯ ಹಾಳೆ ಮುಗಿಯುವಷ್ಟರಲ್ಲಿ ಐದೂ ಸಿಕ್ಕಿದ್ದವು. ಎರಡನೆಯ ಹಾಳೆಯ ಕೊನೆಗೆ, "ಆ ಕಳ್ಳನ ಕೈ ಸೇದಿಹೋಗಲಿ" ಎಂದೂ ಇತ್ತು. ಇನ್ನೇನು ಬೇಕು? ಗುಮಾಸ್ತ ಚೀಟಿ ಚುಚ್ಚಿದ. ಅಧಿಕಾರಿ ಚೀಟಿ ನೋಡಿ, ವಸ್ತುವನ್ನು ಕೊಡಿಸಿ, ಈ ಅರ್ಜಿಯ ಜೊತೆ ವರದಿ ಕಳಿಸಿ ಎಂದು ಪೊಲೀಸರಿಗೆ ಬರೆದ. ಎಲ್ಲ ಸೇರಿ ಐದು ನಿಮಿಷದ ಕೆಲಸ.

ಆಯುಧಪೂಜೆಯ ಹಿಂದಿನ ದಿನ ಇಬ್ಬರು ಪೊಲೀಸರು ತಮ್ಮನ ಕುಲುಮೆಗೆ ಹೋದರು. ಹರಿತ ಮಾಡಿಸಿದ ನೇಗಿಲ ಗುಳ, ಕುಡುಗೋಲು ತೆಗೆದುಕೊಂಡು ಹೋಗಲು ಹತ್ತು ಜನ ಅಲ್ಲಿ ಸೇರಿದ್ದರು. ಅವರೆಲ್ಲರ ಎದುರಿಗೆ, ಅಡಿಗಲ್ಲು ಕದ್ದವನು ನೀನೇ ಏನೋ ಎಂದು ಕೇಳಿದರು. ಅವನು ಕದ್ದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

"ತಂದವನು ನಾನೇ. ನಮ್ಮಣ್ಣ ಅರ್ಜಿ ಕೊಟ್ಟಿದ್ದಾನಾ?" ಎಂದ.

"ಕೊಟ್ಟಿದ್ದಾನೆ. ಇಗೋ, ಮೊದಲ ಹಾಳೆಯಲ್ಲೇ ಹೆಬ್ಬೆಟ್ಟು ಒತ್ತಿದ್ದಾನೆ" ಎಂದು ಪೊಲೀಸರು ತೋರಿಸಿದರು.

ತಮ್ಮ ಆ ಹೆಬ್ಬೆಟ್ಟಿನ ಗುರುತನ್ನು ತುಂಬ ಹೊತ್ತು ನೋಡಿದ. ಆಮೇಲೆ ಪಕ್ಕಕ್ಕೆ ಸರಿದು ನಿಂತ. ಅಡಿಗಲ್ಲು ನೆಲದ ಮೇಲೆ ಇರಲಿಲ್ಲ. ತೊಳೆದು, ಒರೆಸಿ, ಎತ್ತಿನ ಗಾಡಿಯ ಮೇಲೆ ಏರಿಸಿ ಇಟ್ಟಿತ್ತು. ಪಕ್ಕದಲ್ಲಿ ಒಂದು ಬೂದುಗುಂಬಳ, ಒಂದು ಬುಟ್ಟಿ ಸೇವಂತಿಗೆ ಹೂ. ಪೊಲೀಸರು ಅದೇ ಗಾಡಿ ಹೊಡೆಸಿಕೊಂಡು ಹೋದರು. ಮಾರನೆಯ ವಾರ ಅವರಲ್ಲೊಬ್ಬ ಕಚೇರಿಗೆ ವರದಿ ಕೊಡಲು ಬಂದಾಗ ಗುಮಾಸ್ತನ ಹತ್ತಿರ ಅದನ್ನೇ ಹೇಳಿ ನಕ್ಕ. "ನಮಗೆ ಎತ್ತುವ ಶ್ರಮವೂ ತಪ್ಪಿತು ಮಾರಾಯ. ಗಾಡಿಗೆ ಏರಿಸಿಯೇ ಇಟ್ಟಿದ್ದ, ಪುಣ್ಯಾತ್ಮ!" ಗುಮಾಸ್ತನೂ ನಕ್ಕ. ಗಾಡಿ ಎಲ್ಲಿಗೆ ಹೊರಟಿತ್ತು ಎಂದು ಪೊಲೀಸರು ತಮ್ಮನನ್ನು ಕೇಳಿರಲಿಲ್ಲ. ಗುಮಾಸ್ತ ಪೊಲೀಸರನ್ನು ಕೇಳಲಿಲ್ಲ.

ಅಣ್ಣನ ಮನೆಯ ಮುಂದೆ ಗಾಡಿ ನಿಂತಾಗ ಅಣ್ಣ ಓಡಿ ಹೊರಗೆ ಬಂದನಂತೆ. ಅಡಿಗಲ್ಲನ್ನು ಅವನು ನೋಡಲೇ ಇಲ್ಲ. ಗಾಡಿಯ ಹಿಂದೆ, ದಾರಿಯ ಉದ್ದಕ್ಕೂ ನೋಡಿದ.

"ನನ್ನ ತಮ್ಮ ಬರಲಿಲ್ಲವಾ?" ಎಂದು ಕೇಳಿದ.

"ಅಡಿಗಲ್ಲು ತರಿಸಿ ಅಂತ ಆರ್ಡರ್ ಆಗಿರೋದು. ತಮ್ಮನನ್ನ ತರಿಸಿ ಅಂತ ಅಲ್ಲ" ಎಂದು ಪೊಲೀಸರು ಹೇಳಿದರು.

ಅಣ್ಣ ಅಂದೇ ಮೂರು ಮೈಲಿ ನಡೆದು ಹೋದ. ತಮ್ಮನ ಬಾಗಿಲಿಗೆ ಬೀಗ ಬಿದ್ದಿತ್ತು. ಕುಲುಮೆಯ ಕೆಂಡ ಮಾತ್ರ ಇನ್ನೂ ಬಿಸಿ ಇತ್ತು. ಹೆಂಡತಿಯನ್ನು ಕರೆದುಕೊಂಡು, ಇಕ್ಕಳ ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದ ಎಂದು ಪಕ್ಕದವರು ಹೇಳಿದರು. ಯಾವ ಊರಿಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲಿಗಾದರೂ ಹೋಗಲಿ, ಪೊಲೀಸರನ್ನು ಕಳಿಸಿದ ಅಣ್ಣ ಇರುವ ಸೀಮೆಯಲ್ಲಿ ಇರಲಾರೆ ಎಂದು ಹೇಳಿ ಹೋದನಂತೆ. ಮಾರನೆಯ ದಿನ ಎಲ್ಲರ ಮನೆಯಲ್ಲೂ ಆಯುಧಪೂಜೆ ಆಯಿತು. ಆ ಅಡಿಗಲ್ಲಿಗೆ ಯಾರೂ ಕುಂಕುಮ ಇಡಲಿಲ್ಲ.

ನಿನಗೆ ಕಮ್ಮಾರರ ಕೆಲಸ ಗೊತ್ತಿಲ್ಲ. ಅಡಿಗಲ್ಲಿನ ಮುಂದೆ ಒಬ್ಬನೇ ಕೂತರೆ ಪ್ರಯೋಜನ ಇಲ್ಲ. ಒಬ್ಬ ಇಕ್ಕಳದಲ್ಲಿ ಕಬ್ಬಿಣ ಹಿಡಿದು, ಚಿಕ್ಕ ಸುತ್ತಿಗೆಯಿಂದ ಇಲ್ಲಿ ಹೊಡಿ ಎಂದು ತಟ್ಟಿ ತೋರಿಸಬೇಕು. ಇನ್ನೊಬ್ಬ ಎದುರಿಗೆ ನಿಂತು ದೊಡ್ಡ ಸುತ್ತಿಗೆಯಿಂದ ಅಲ್ಲೇ ಹೊಡೆಯಬೇಕು. ಹದಿನೆಂಟು ವರ್ಷ ಅಣ್ಣ ತಟ್ಟಿದ ಕಡೆ ತಮ್ಮ ಹೊಡೆದಿದ್ದ. ಈಗ ಅಣ್ಣನ ಮನೆಯಲ್ಲಿ ಅಡಿಗಲ್ಲು ಇತ್ತು, ಎದುರಿಗೆ ನಿಲ್ಲುವವರು ಇರಲಿಲ್ಲ.

ಒಂದು ವರ್ಷ ಕಳೆಯಿತು. ಮತ್ತೆ ನವರಾತ್ರಿಯ ಹೊತ್ತಿಗೆ ಕಮ್ಮಾರ ಕಚೇರಿಗೆ ಬಂದ. ಗುಮಾಸ್ತನ ಮೇಜಿನ ಮುಂದೆ ಕೈಮುಗಿದು ನಿಂತ.

"ಸ್ವಾಮಿ, ಹೋದ ವರ್ಷ ನಾನೊಂದು ಕಾಗದ ಬರೆಸಿದ್ದೆ. ಅದರಲ್ಲಿ ಏನು ಬರೆದಿದೆ ಅಂತ ನನಗೆ ಒಂದು ಸಲ ಓದಿ ಹೇಳಬೇಕು" ಎಂದ.

ಗುಮಾಸ್ತನಿಗೆ ಅಂದು ಕೆಲಸ ಕಮ್ಮಿ ಇತ್ತು. ಕಡತ ತರಿಸಿದ. ಕಮ್ಮಾರ ನೆಲದ ಮೇಲೆ ಕೂತ. ಗುಮಾಸ್ತ ಜೋರಾಗಿ ಓದತೊಡಗಿದ. ಒಂದನೆಯ ಹಾಳೆ. ಎರಡನೆಯ ಹಾಳೆ. ಕಳ್ಳನ ಕೈ ಸೇದಿಹೋಗಲಿ ಎಂಬಲ್ಲಿ ಕಮ್ಮಾರ ಮುಖ ತಗ್ಗಿಸಿದ. ಮೂರನೆಯ ಹಾಳೆಯನ್ನು ಗುಮಾಸ್ತ ಆವತ್ತೇ ಮೊದಲ ಸಲ ನೋಡುತ್ತಿದ್ದ. ಅವ್ವ ಸತ್ತಾಗ ತಮ್ಮನಿಗೆ ಎರಡು ವರ್ಷ, ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಿದ್ದೆ ಎಂದು ಅಲ್ಲಿ ಇತ್ತು. ನಾಲ್ಕನೆಯದರಲ್ಲಿ ತಮ್ಮನ ಮದುವೆ. ಐದನೆಯದರಲ್ಲಿ ಜಗಳ. ಒಬ್ಬ ರೈತನ ಎದುರಿಗೆ ಅಣ್ಣ ತಮ್ಮನಿಗೆ, ನಿನ್ನ ಕೈಗೆ ಹದ ಗೊತ್ತಿಲ್ಲ, ನೀನು ಕಬ್ಬಿಣ ಕೆಡಿಸುವುದಕ್ಕೇ ಹುಟ್ಟಿದ್ದೀಯ ಎಂದಿದ್ದ. ಮೂರು ದಿನ ತಮ್ಮ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಅಡಿಗಲ್ಲು ಎತ್ತಿಕೊಂಡು ಹೋದ.

ಆರನೆಯ ಹಾಳೆಗೆ ಬರುವ ಹೊತ್ತಿಗೆ ಗುಮಾಸ್ತನ ದನಿ ಇಳಿದಿತ್ತು. ಅದರಲ್ಲಿ ಏನಿತ್ತು ಎಂದು ಹೇಳುತ್ತೇನೆ, ಕೇಳು. ಒಂದಕ್ಷರ ಆಚೀಚೆ ಆಗದಂತೆ ಹೇಳಬಲ್ಲೆ.

"ಇಷ್ಟು ಹೇಳುವಷ್ಟರಲ್ಲಿ ನನ್ನ ಸಿಟ್ಟು ಇಳಿಯಿತು ಸ್ವಾಮಿ. ಅಡಿಗಲ್ಲು ಅವನ ಹತ್ತಿರವೇ ಇರಲಿ. ನನ್ನ ಬಲಗೈಯಲ್ಲಿ ಈಗ ಶಕ್ತಿ ಇಲ್ಲ, ಅದು ಅವನಿಗೆ ಗೊತ್ತಿಲ್ಲ. ಅವನಿಗೆ ಹದ ಗೊತ್ತಿಲ್ಲ ಎಂದು ನಾನು ಬೈದದ್ದು ಸುಳ್ಳು. ಅವನ ಕೈಯ ಹದ ನಮ್ಮಪ್ಪನ ಕೈಯಲ್ಲೂ ಇರಲಿಲ್ಲ. ಅದನ್ನು ಅವನ ಮುಖ ನೋಡಿ ಹೇಳುವುದಕ್ಕೆ ನನ್ನಿಂದ ಆಗುವುದಿಲ್ಲ. ತಾವು ದೊಡ್ಡವರು. ತಾವು ಹೇಳಿದರೆ ಕೇಳುತ್ತಾನೆ. ಆಯುಧಪೂಜೆಗೆ ಮನೆಗೆ ಬರಬೇಕಂತೆ, ನಿಮ್ಮಣ್ಣ ಕಾಯುತ್ತಿದ್ದಾನಂತೆ ಎಂದು ಯಾರ ಕೈಲಾದರೂ ಹೇಳಿಕಳಿಸಿ. ಪೊಲೀಸರನ್ನು ಮಾತ್ರ ಕಳಿಸಬೇಡಿ. ಅವನು ಬಲು ಮಾನವಂತ."

ಗುಮಾಸ್ತ ಓದುವುದನ್ನು ನಿಲ್ಲಿಸಿದ. ಬೂದುಗುಂಬಳ, ಸೇವಂತಿಗೆ ಬುಟ್ಟಿ, ತೊಳೆದಿಟ್ಟ ಅಡಿಗಲ್ಲು, ಹೂಡಿ ನಿಲ್ಲಿಸಿದ ಗಾಡಿ. ಆ ಗಾಡಿ ಎಲ್ಲಿಗೆ ಹೊರಟಿತ್ತು ಎಂದು ಅವನಿಗೆ ಆಗ ಗೊತ್ತಾಯಿತು. ಯಾರೂ ಹೇಳಿಕಳಿಸದೆಯೇ ತಮ್ಮ ಹೊರಟಿದ್ದ. ಅಯ್ಯೋ, ಅರ್ಧ ದಿನ ಸುಮ್ಮನಿದ್ದಿದ್ದರೆ ಸಾಕಿತ್ತು. ಆ ಅರ್ಜಿಯನ್ನು ಆವತ್ತು ಯಾರಾದರೂ ಕಳೆದುಹಾಕಿದ್ದರೂ ಸಾಕಿತ್ತು. ಆ ಕಚೇರಿಯಲ್ಲಿ ನಿಧಾನವಾಗಿ ಓದುವ ಆರು ಜನ ದಡ್ಡರಿದ್ದರು. ಅವರಲ್ಲಿ ಯಾರ ಮೇಜಿಗಾದರೂ ಅದು ಹೋಗಬಾರದಿತ್ತೇ?

ಗುಮಾಸ್ತ ಕಡತ ಮುಚ್ಚಿ ಕೆಳಗಿಟ್ಟ. ತನ್ನನ್ನು ಬೈಯಲಿ ಎಂದು ಕಾದ. ಕಮ್ಮಾರ ಬೈಯಲಿಲ್ಲ.

"ಹಾಗಾದರೆ ಬರೆದಿದ್ದಾನೆ" ಎಂದ. ಮತ್ತೆ, "ಪಾಪ, ಬರೆದೇ ಇದ್ದಾನೆ. ಈ ಕೊನೇ ಮಾತನ್ನ ಅವನು ಬರೆಯದೆ ಬಿಟ್ಟುಬಿಟ್ಟ ಅಂದುಕೊಂಡಿದ್ದೆ ಸ್ವಾಮಿ. ಒಂದು ವರ್ಷದಿಂದ ಆ ಹೊಂಗೆ ಮರದ ಹತ್ತಿರ ಹಾದುಹೋಗುವಾಗೆಲ್ಲ ಮುಖ ತಿರುಗಿಸಿಕೊಂಡು ಹೋಗಿದ್ದೀನಿ. ಅವನು ನಮಸ್ಕಾರ ಅಂದರೂ ಮಾತಾಡಿಲ್ಲ" ಎಂದ.

ಅಷ್ಟೇ ಅವನು ಹೇಳಿದ್ದು. ಹಾಗಾದರೆ ಇದನ್ನು ಓದದೆ ಬಿಟ್ಟವರು ಯಾರು ಎಂದು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಗುಮಾಸ್ತನ ಮುಖದ ಮೇಲೆ ಅದು ಬರೆದ ಹಾಗೆ ಇತ್ತು. ಆಮೇಲೆ ಕಮ್ಮಾರ ಬೇರೆ ಮಾತು ತೆಗೆದ. ಈ ವರ್ಷ ಇದ್ದಿಲು ಸರಿಯಾಗಿ ಸಿಗುತ್ತಿಲ್ಲ ಎಂದ. ಹೊಸ ಬಸ್ಸು ನಮ್ಮೂರ ಕ್ರಾಸಿನಲ್ಲಿ ನಿಲ್ಲುವುದಿಲ್ಲ ಎಂದ. ಗುಮಾಸ್ತನಿಗೆ ಮದುವೆ ಆಗಿದೆಯಾ, ಒಡಹುಟ್ಟಿದವರು ಎಷ್ಟು ಜನ ಎಂದು ವಿಚಾರಿಸಿದ. ಗುಮಾಸ್ತ ಅವನಿಗೆ ಕಾಫಿ ತರಿಸಿಕೊಟ್ಟ. ಕುಡಿದು, ಲೋಟ ತೊಳೆದಿಟ್ಟು, ಎದ್ದು ಹೊರಟ.

ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಳ್ಳುವಾಗ ತಿರುಗಿ ನಿಂತ.

"ಅಂದಹಾಗೆ ಸ್ವಾಮಿ, ನನ್ನ ತಮ್ಮ ಯಾವತ್ತಾದರೂ ಈ ಕಡೆ ಬಂದರೆ, ಆ ಕೊನೇ ಹಾಳೆ ಅವನಿಗೆ ಓದಿ ಹೇಳಿ. ಮೊದಲನೆಯದು ಬೇಡ" ಎಂದ.

ಆವತ್ತು ಗುಮಾಸ್ತ ಕೊನೆಯ ಮಾತಿನವರೆಗೂ ಕೇಳಿಸಿಕೊಂಡ. ತಡವಾಗಿತ್ತು.

ಮುಂದೆ ಅವನು ತಮ್ಮನನ್ನು ಹುಡುಕಿದ. ರಜೆ ಹಾಕಿ ಹುಡುಕಿದ. ಎಲ್ಲಿ ಸುತ್ತಿಗೆ ಸದ್ದು ಕೇಳಿದರೂ ಬಸ್ಸಿನಿಂದ ಇಳಿದು ಹೋಗಿ ಹೆಸರು ಕೇಳುತ್ತಿದ್ದ. ಸಿಗಲಿಲ್ಲ. ಹಾಸನದ ಕಡೆ ಇದ್ದಾನೆ ಅಂದವರಿದ್ದರು, ಗೋವೆಗೆ ಹೋದ ಅಂದವರೂ ಇದ್ದರು. ನಾಲ್ಕು ವರ್ಷದ ಮೇಲೆ ಕಮ್ಮಾರ ತೀರಿಕೊಂಡ. ಅಡಿಗಲ್ಲು ಅವನ ಮನೆಯ ಮುಂದೆ ಬಹಳ ದಿನ ಬಿಸಿಲಿನಲ್ಲಿ ಬಿದ್ದಿತ್ತು. ಆಮೇಲೆ ಯಾರು ತೆಗೆದುಕೊಂಡು ಹೋದರೋ ಗೊತ್ತಿಲ್ಲ. ಆ ಸಲ ಅರ್ಜಿ ಕೊಡುವವರು ಯಾರೂ ಇರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಹೊರಗೆ ರೈಲ್ವೆ ಗೇಟು ಬಿದ್ದಿತ್ತು. ದಾಕ್ಷಾಯಿಣಿ ತನ್ನ ಕಾಗದದ ನಾಲ್ಕನೆಯ ಪ್ಯಾರಾವನ್ನು ನೋಡುತ್ತಾ ಕೂತಿದ್ದಳು. ಅವಳ ಕಣ್ಣು ತುಂಬಿತ್ತು. ಆದರೂ ಅವಳು ಪರೀಕ್ಷೆಗೆ ಕೂರುವ ಹುಡುಗಿ. ಒಂದು ವಿಷಯ ಅವಳಿಗೆ ಬಗೆಹರಿಯಲಿಲ್ಲ.

"ಮೇಷ್ಟ್ರೇ, ಆ ಗುಮಾಸ್ತ ತಪ್ಪಿದ್ದು ಆ ಐದರಲ್ಲಿ ಯಾವ ಪ್ರಶ್ನೆಗೆ?" ಎಂದು ಕೇಳಿದಳು.

"ಒಂದಕ್ಕೂ ಇಲ್ಲ ಕಣಮ್ಮ," ಎಂದರು ಮೇಷ್ಟ್ರು, "ಆವತ್ತು ನನ್ನ ಐದೂ ಉತ್ತರ ಸರಿಯಾಗಿದ್ದವು."